ಆಚೆ ದಂಡೆಗೆ ಕಳಿಸಿದವನು

ನಮ್ಮೂರಿನ ಪಡಖಾನೆಗೆ ‘ಲಂಗರು’ ಎಂದು ಹೆಸರು. ಊರಿಗೆ ಬೆನ್ನು ಹಾಕಿ, ನೀರಿನ ಕಡೆ ಬಾಗಿಲು ಮಾಡಿಕೊಂಡು ನದಿಯ ಏರಿಯ ಮೇಲೆ ಕೂತಿರುವ ಮನೆ ಅದು. ಲೈಸೆನ್ಸು ಯಾರದೋ ಅವರ ಹೆಸರನ್ನು ಬಾಗಿಲ ಮೇಲಿನ ಹಲಗೆಯಲ್ಲಿ ಬರೆಸಬೇಕೆಂಬುದು ಕಾನೂನು. ಯಜಮಾನ ಬದಲಾದಾಗ ಹಳೆಯ ಹೆಸರನ್ನು ಕೆರೆದು ತೆಗೆಯುವ ಶ್ರಮ ಯಾರೂ ಪಟ್ಟವರಲ್ಲ. ಮೇಲೊಂದು ಕೈ ಕಪ್ಪು ಬಣ್ಣ ಬಳಿದು ಹೊಸ ಹೆಸರು ಬರೆಸುತ್ತಾರೆ. ಹಾಗಾಗಿ ಹಲಗೆ ಮಳೆಯಲ್ಲಿ ನೆನೆದ ದಿನ ಅಡಿಯ ಅಕ್ಷರಗಳೂ ಉಬ್ಬಿ ಕಾಣುತ್ತವೆ. ಮೊದಲು ದೋಣಿ ದಾಟಿಸುತ್ತಿದ್ದ ಟೋಬಿಟ್ ಕ್ರೋ. ಅವನು ಸತ್ತ ಮೇಲೆ ಕೆಲವು ಕಾಲ ಅವನ ವಿಧವೆ. ಆಮೇಲೆ ಪಡೆಯಿಂದ ಬಿಡುಗಡೆಯಾಗಿ ಬಂದವನೊಬ್ಬ. ಈತ ತನ್ನ ಪೀಪಾಯಿಗಳನ್ನು ತಾನೇ ಕುಡಿದು ಮುಗಿಸಿ, ಟೋಪಿಯನ್ನು ಗೂಟದಲ್ಲೇ ಬಿಟ್ಟು, ಒಂದು ದಿನ ಎದ್ದು ಹೋದವನು ತಿರುಗಿ ಬರಲಿಲ್ಲ. ಅವನ ನಂತರ ಜೋಸಯಾ ಬೇಂಟನ್. ಬೇಂಟನ್‌ನ ಮೇಲೆ ಅವನ ಅಳಿಯ ಎಬ್ನರ್ ಸೆಚೆಲ್.

ನಾನು ಹೇಳಹೊರಟಿರುವುದು ಆ ಬೇಂಟನ್‌ನ ಮಗಳು, ಎಬ್ನರನ ಹೆಂಡತಿ ಕೆಸಾಯಾಳ ವಿಷಯ. ಅವಳ ಹೆಸರು ಆ ಹಲಗೆ ಏರಲೇ ಇಲ್ಲ. ಆದರೆ ಆ ಮನೆಯಲ್ಲಿ ಹುಟ್ಟಿ, ಆ ಮನೆಯಲ್ಲೇ ಮದುವೆಯಾಗಿ, ಅಲ್ಲಿಯೇ ಬಿಯರ್ ಕುದಿಸಿ, ನೆಲ ಉಜ್ಜಿ ಬಾಳಿದವಳು ಅವಳು.

ನಮ್ಮದು ಚಾಪೆಲ್ಲಿಗೆ ಹೋಗುವ ಮನೆ. ಮದ್ಯ ಮುಟ್ಟುವುದಿಲ್ಲವೆಂದು ನಾವೆಲ್ಲ ಚಿಕ್ಕಂದಿನಲ್ಲೇ ಪ್ರಮಾಣ ಮಾಡಿದವರು. ಹಾಗಿದ್ದೂ ಲಂಗರಿನ ಹಿತ್ತಿಲ ಬಾಗಿಲಿಗೆ ಹೋಗದೆ ನಮ್ಮ ಹೆಂಗಸರಿಗೆ ಗತಿ ಇರಲಿಲ್ಲ. ಬ್ರೆಡ್ಡಿನ ಹಿಟ್ಟು ಉಬ್ಬಬೇಕಾದರೆ ಹುದುಗು ಬೇಕು. ಹುದುಗು ಬೇಕಾದರೆ ಬಿಯರಿನ ತೊಟ್ಟಿಯ ಮೇಲಿನ ನೊರೆ ಬೇಕು. ಶನಿವಾರ ಬೆಳಿಗ್ಗೆ ಜಗ್ಗು ಹಿಡಿದು ಹಿತ್ತಿಲಲ್ಲಿ ನಿಂತರೆ ಕೆಸಾಯಾ ನೊರೆ ತುಂಬಿಸಿ ಕೊಡುತ್ತ, “ಬಂದ್ರಾ ಪಾನನಿರೋಧದವರು? ನಿಮ್ಮ ಪಾದ್ರಿ ತಿನ್ನೋ ಬ್ರೆಡ್ಡಿಗೂ ನಮ್ಮ ತೊಟ್ಟೀನೇ ತಾಯಿ ಕಣ್ರೇ” ಎಂದು ನಗುತ್ತಿದ್ದಳು. ಉಳಿದವರು ಜಗ್ಗು ತುಂಬಿದೊಡನೆ ಹೊರಟುಬಿಡುತ್ತಿದ್ದರು. ನಾನು ನಿಲ್ಲುತ್ತಿದ್ದೆ. ಅವಳು ನನಗೆ ಹೇಳಿದ್ದೆಲ್ಲ ಹೀಗೆ ಹಿತ್ತಿಲಲ್ಲಿ ನಿಂತು ಹೇಳಿದ್ದು.

ನದಿಯ ಪಕ್ಕದ ಪಡಖಾನೆಗೆ ಕುಡಿಯುವವರಷ್ಟೇ ಬರುವುದಿಲ್ಲ. ನೀರಿಗೆ ಬಿದ್ದು ಸತ್ತವರನ್ನು ಎಳೆದು ತಂದು ಇಡುವ ಜಾಗವೂ ಅದೇ. ಹೆಣ ಯಾವ ದಂಡೆಯಲ್ಲಿ ಸಿಕ್ಕಿತೋ ಆ ದಂಡೆಯ ಪಡಖಾನೆಯವರು ಅದನ್ನು ಒಳಗೆ ಬರಮಾಡಿಕೊಳ್ಳಬೇಕು. ಪಟ್ಟಣದಿಂದ ಸಾವಿನ ವಿಚಾರಣೆಯ ಅಧಿಕಾರಿ ಬರುವವರೆಗೆ ಕಾಯಬೇಕು. ಊರಿನ ಹನ್ನೆರಡು ಗಂಡಸರು ಬಂದು ಹೆಣ ನೋಡಿ, ಮುಂದಿನ ಕೋಣೆಯಲ್ಲಿ ಕೂತು, ಇವನು ಹೇಗೆ ಸತ್ತ ಎಂದು ತೀರ್ಮಾನ ಹೇಳಬೇಕು. ಬೇಂಟನ್ ಇದಕ್ಕೆಂದೇ ಹಿಂದಿನ ಚಪ್ಪರದಲ್ಲಿ ಒಂದು ಉದ್ದನೆಯ ಎಲ್ಮ್ ಮರದ ಮೇಜು ಹಾಕಿಸಿದ್ದ. ಹೆಣ ತೊಳೆಯುವ ಕೆಲಸ ಅವನ ಹೆಂಡತಿಯದು. ತೊಳೆಯುವಾಗ ಬಟ್ಟಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತ ಕೆಸಾಯಾ ಬೆಳೆದಳು. ಅವಳ ತಾಯಿ ಸತ್ತವರ ಹತ್ತಿರ ಮಾತಾಡುತ್ತಿದ್ದಳಂತೆ. ಕೈ ಎತ್ತಪ್ಪಾ, ಹಾಂ, ಆಯಿತು, ಇನ್ನೇನು ಮುಗಿಯಿತು, ಎಂದು ಜ್ವರ ಬಂದ ಮಗುವಿಗೆ ಹೇಳುವ ಹಾಗೆ.

ಎಬ್ನರ್ ಕೆಟ್ಟವನೇನೂ ಅಲ್ಲ. ದುಡಿಯುವವನು, ಕುಡಿಯದವನು. ಲೆಕ್ಕಾಚಾರದವನು, ಅಷ್ಟೆ. ಹೆಣ ಬಂದ ಮೇಲೆ ವಾರಗಟ್ಟಲೆ ಮನೆಗೆ ಆ ವಾಸನೆ. ಊರಿನ ಹೆಂಗಸರು ಗಂಡಂದಿರನ್ನು ಆ ಕಡೆ ಬಿಡುತ್ತಿರಲಿಲ್ಲ. ಸುಗ್ಗಿಯ ನಡುವೆ ಹೊಲ ಬಿಟ್ಟು ಬಂದು ಕೂರಬೇಕಾದ ಆ ಹನ್ನೆರಡು ಜನರು ಬೈಯುತ್ತಿದ್ದದ್ದೂ ಯಜಮಾನನನ್ನೇ. ನಮ್ಮ ನದಿ ಎರಡು ಜಿಲ್ಲೆಗಳ ನಡುವಿನ ಗಡಿ. ಆಚೆ ದಂಡೆಯಲ್ಲಿ ಸೈಲಸ್ ಪೆಕ್ ಎಂಬವನ ‘ಹುಂಜ’ ಎಂಬ ಪಡಖಾನೆ. ಬೆಳಗಿನ ಜಾವ ನಮ್ಮ ಮೆಟ್ಟಿಲ ಬಳಿ ಹೆಣ ಸಿಕ್ಕರೆ, ಊರು ಏಳುವ ಮೊದಲು ಅದಕ್ಕೊಂದು ಕೊಕ್ಕೆ ಹಾಕಿ, ದೋಣಿಯ ಹಿಂದೆ ಎಳೆದುಕೊಂಡು ಹೋಗಿ, ಆಚೆಯ ಕೆಸರಿನಲ್ಲಿ ಬಿಟ್ಟು ಬರುವುದನ್ನು ಎಬ್ನರ್ ಶುರು ಮಾಡಿದ. ಪೆಕ್ ಕೂಡ ಅದನ್ನೇ ಮಾಡುತ್ತಿದ್ದ. ಯಾರು ಮೊದಲು ಮಾಡಿದರೋ ದೇವರೇ ಬಲ್ಲ. ಇಬ್ಬರಿಗೂ ಇದು ಒಳಗೊಳಗೇ ಗೊತ್ತಿದ್ದ ವಿಷಯ. ಸಂತೆಯಲ್ಲಿ ಸಿಕ್ಕಾಗ ಪೆಕ್, “ಏನಯ್ಯಾ ಸೆಚೆಲ್, ಮೊನ್ನೆ ಕಳಿಸಿದ ಗಿರಾಕಿ ಒಂದು ಮಗ್ಗೂ ಕುಡೀಲಿಲ್ವಲ್ಲ” ಅನ್ನುವನು. “ನಿನ್ನ ಬಿಯರಿನ ಸುದ್ದಿ ಅವನಿಗೂ ತಲುಪಿತ್ತೇನೋ” ಅಂತ ಎಬ್ನರ್. ಸುತ್ತ ನಿಂತವರು ಹೊಟ್ಟೆ ಹಿಡಿದು ನಗುವರು. ನಮ್ಮ ಕಡೆಯ ಜನ ಅದನ್ನೊಂದು ಪಾಪವೆಂದು ಎಣಿಸಲಿಲ್ಲ.

ಕೆಸಾಯಾ ಒಮ್ಮೆ ಕೇಳಿದ್ದಳು. ಮದುವೆಯಾದ ಹೊಸತು. ದೋಣಿ ತಿರುಗಿ ಬಂದಾಗ ಮೆಟ್ಟಿಲ ಮೇಲೆ ನಿಂತಿದ್ದಳು.

“ಅದು ಯಾರದ್ದೋ ಮನೆಯವರಲ್ವಾ?” ಅಂದಳು.

“ಯಾರದ್ದೋ ಮನೆಯವರೇ. ಆ ಮನೆ ಆಚೆ ಜಿಲ್ಲೆಯಲ್ಲೇ ಇರಲಿ ಬಿಡು,” ಅಂದ ಎಬ್ನರ್.

ಅವಳು ಮತ್ತೆ ಕೇಳಲಿಲ್ಲ. ಮಗು ಹುಟ್ಟಿತು, ತೊಟ್ಟಿ ಕುದಿಯುತ್ತಿತ್ತು, ಕೆಲಸ ಬೇಕಾದಷ್ಟಿತ್ತು. ಚಪ್ಪರದ ಮೇಜಿನ ಮೇಲೆ ಈರುಳ್ಳಿ ಒಣಹಾಕಲು ಶುರುವಾಯಿತು.

ಅವರಿಗೆ ಒಬ್ಬನೇ ಮಗ, ಜೇಬೆಜ್. ಬೆಳೆದ ಮೇಲೆ ಲಂಗರು ಅವನಿಗೆ ಎಂಬುದು ಎಬ್ನರನ ಎಣಿಕೆ. ಹುಡುಗನಿಗೆ ನಾಲ್ಕು ಗೋಡೆಯ ಒಳಗೆ ನಿಂತು ಇನ್ನೊಬ್ಬರ ಮಗ್ಗು ತುಂಬಿಸುವುದು ಹಿಡಿಸಲಿಲ್ಲ. ಅಪ್ಪ ಮಗ ಮಾತಿಗೆ ಮಾತು ಬೆಳೆಸಿಕೊಂಡರು. ಜೇಬೆಜ್ ಮನೆ ಬಿಟ್ಟು, ಲೆಗೆಟ್ ಎಂಬವನ ಸರಕಿನ ದೋಣಿ ಹತ್ತಿ, ಲಿನ್ ಬಂದರಿಗೆ ಕಲ್ಲಿದ್ದಲು ಧಾನ್ಯ ಸಾಗಿಸುವ ಕೆಲಸಕ್ಕೆ ಹೋದ. ಎರಡು ವರ್ಷ ಮನೆಯ ಕಡೆ ತಲೆ ಹಾಕಲಿಲ್ಲ. ತಾಯಿ ಹೆಣೆದು ಕಳಿಸಿದ ನೀಲಿ ಮಫ್ಲರ್ ಮುಟ್ಟಿತು ಎಂದು ಮಾತ್ರ ಯಾರ ಕೈಲೋ ಹೇಳಿಕಳಿಸಿದ್ದ. ನೀಲಿ ನೂಲು ಸಾಲದೆ ಬಂದು, ಒಂದು ತುದಿಯನ್ನು ಅವಳು ಕೆಂಪಿನಲ್ಲಿ ಮುಗಿಸಿದ್ದಳು.

ಆ ವರ್ಷ ನವೆಂಬರಿನಲ್ಲಿ ಮಂಜು ಬಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅಂಗಳದಲ್ಲಿ ನಿಂತರೆ ಬಾವಿ ಕಾಣುತ್ತಿರಲಿಲ್ಲ. ಅಂಥ ಒಂದು ಬೆಳಿಗ್ಗೆ ಎಬ್ನರ್ ಹಾವುಮೀನಿನ ಬುಟ್ಟಿ ಎತ್ತಲು ಇಳಿದಾಗ, ಇಳಿತದ ನೀರು ಬಿಟ್ಟುಹೋದ ಕೆಸರಿನಲ್ಲಿ ಒಬ್ಬ ಮನುಷ್ಯ ಬೋರಲು ಬಿದ್ದಿದ್ದ. ಮಳೆಗೆ ದೋಣಿಯವರು ಹಾಕಿಕೊಳ್ಳುವ ಹಾಗೆ ತಲೆಯಿಂದ ಬೆನ್ನಿನವರೆಗೆ ಗೋಣಿ ಹೊದ್ದಿದ್ದ. ಎಬ್ನರ್ ಮುಖ ನೋಡಲಿಲ್ಲ. ಇಂಥ ಕೆಲಸದಲ್ಲಿ ಮುಖ ನೋಡಬಾರದೆಂಬುದು ಅವನು ತನಗೆ ತಾನೇ ಮಾಡಿಕೊಂಡಿದ್ದ ನಿಯಮ. ಗೋಣಿಗೆ ಕೊಕ್ಕೆ ಸಿಕ್ಕಿಸಿ, ಮಂಜಿನಲ್ಲಿ ಅಂದಾಜಿನ ಮೇಲೆ ಹುಟ್ಟು ಹಾಕಿ, ಹುಂಜದ ಕೆಳಗೆ ಬಿಟ್ಟು ಬಂದ. ಒಳಗೆ ಬಂದು ಹಂದಿಮಾಂಸ, ಬ್ರೆಡ್ಡು ತಿಂದ. ಯಾಕೆ ತಡ ಎಂದು ಕೆಸಾಯಾ ಕೇಳಿದ್ದಕ್ಕೆ, ದಿಮ್ಮಿಯೊಂದು ಮೆಟ್ಟಿಲಿಗೆ ಸಿಕ್ಕಿಕೊಂಡಿತ್ತು, ಬಿಡಿಸಿ ಬಂದೆ, ಅಂದ.

ಅದೇ ವಾರ ಲೆಗೆಟ್‌ನ ದೋಣಿ ನಮ್ಮ ಕಟ್ಟೆಗೆ ಬಂತು. ಲೆಗೆಟ್ ಮುಂಬಾಗಿಲಲ್ಲಿ ಕಾಲಿಡುತ್ತಲೇ, “ಎಲ್ಲಿ ನಮ್ಮ ಹುಡುಗ? ಅಮ್ಮನ ಕೈ ಊಟ ಸಿಕ್ಕಿದ ಮೇಲೆ ನಮ್ಮನ್ನ ಮರೆತುಬಿಟ್ನಾ?” ಎಂದು ಕೂಗಿದ.

ಕೆಸಾಯಾ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಯಾವ ಹುಡುಗ ಎಂದು ಕೇಳಿದಳು. ಲೆಗೆಟ್‌ನ ನಗು ಮುಖದಲ್ಲೇ ಉಳಿಯಿತು. ಮಂಜು ಶುರುವಾದ ಸಂಜೆ ದೋಣಿ ಮುಂದಕ್ಕೆ ಹೋಗಲಾರದೆ ಮೇಲಿನ ತೂಬಿನ ಹತ್ತಿರ ನಿಂತಿತ್ತು. ಮನೆ ಇಷ್ಟು ಹತ್ತಿರ ಇರುವಾಗ ನಾನು ಇಲ್ಲಿ ಕೂತಿರಲಾರೆ, ಅಪ್ಪನ ಹತ್ತಿರ ಮಾತಾಡಿ ಎಲ್ಲ ಸರಿಮಾಡಿಕೊಳ್ಳುತ್ತೇನೆ ಎಂದು ಜೇಬೆಜ್ ಏರಿಯ ಮೇಲೆ ನಡೆದು ಹೊರಟಿದ್ದ. ಹನಿ ಬೀಳುತ್ತಿತ್ತು. ಲೆಗೆಟ್ ತಾನೇ ಅವನ ತಲೆಗೆ ಗೋಣಿ ಹೊದಿಸಿದ್ದ.

ಪೀಪಾಯಿಯ ಪಕ್ಕ ನಿಂತಿದ್ದ ಎಬ್ನರನ ಕೈಯಲ್ಲಿ ಮಗ್ಗು ತುಂಬಿ ಹೊರಗೆ ಸುರಿಯುತ್ತಿತ್ತು. ಯಾರೋ ನಲ್ಲಿ ತಿರುಗಿಸಿದರು.

ಊರೆಲ್ಲ ಸೇರಿ ನದಿಗೆ ಕೊಕ್ಕೆ ಬಲೆ ಹಾಕಿ ಹುಡುಕಿತು. ಎಲ್ಲರಿಗಿಂತ ಹೆಚ್ಚು ಹುಡುಕಿದವನು ಎಬ್ನರ್. ತೂಬಿನಿಂದ ನಮ್ಮೂರಿನವರೆಗಿನ ನೀರನ್ನು ಬೇರೆಯವರು ಜಾಲಾಡುತ್ತಿದ್ದರೆ ಅವನು ಮಾತ್ರ ಹುಂಜದಿಂದ ಕೆಳಗೆ ಸಮುದ್ರದ ಕಡೆ ಹೋಗುತ್ತಿದ್ದ. ಕೆಸಾಯಾ ಅದನ್ನು ಗಮನಿಸಿದಳು. ಏನೂ ಸಿಗಲಿಲ್ಲ.

ಆ ಚಳಿಗಾಲ ಹುದುಗಿಗೆ ಹೋದಾಗ ಅವಳಿಗೆ ಒಂದೇ ಮಾತು. ಬದುಕಿದ್ದಾನೆ ಎಂಬ ಆಸೆ ಅವಳಿಗಿರಲಿಲ್ಲ. “ಅವನನ್ನ ತೊಳೆದು, ಬಿಳಿ ಬಟ್ಟೆ ಸುತ್ತಿ, ನಮ್ಮಮ್ಮನ ಪಕ್ಕ ಮಲಗಿಸ್ಬೇಕು ಕಣೇ. ಅಷ್ಟು ಸಿಕ್ಕಿದ್ರೆ ಸಾಕು. ಬೇರೇನೂ ಕೇಳಲ್ಲ ದೇವರನ್ನ,” ಅನ್ನುತ್ತಿದ್ದಳು. ಚಪ್ಪರದ ಮೇಜಿನಿಂದ ಈರುಳ್ಳಿ ತೆಗೆದು, ಮರಳು ಹಾಕಿ ಉಜ್ಜಿ ಬೆಳ್ಳಗೆ ಮಾಡಿಟ್ಟಿದ್ದಳು. ಹಾದುಹೋಗುವ ಪ್ರತಿ ದೋಣಿಯವರನ್ನೂ ಕೇಳುತ್ತಿದ್ದಳು: ನೀಲಿ ಮಫ್ಲರ್, ಒಂದು ತುದಿ ಕೆಂಪು. ಅವರು ಇಲ್ಲವೆಂದು ತಲೆಯಾಡಿಸಿ ಟೋಪಿ ತೆಗೆದು ಮುಂದಕ್ಕೆ ಹೋಗುತ್ತಿದ್ದರು.

ಎಬ್ನರ್ ಕೃಶನಾದ. ಗಿರಾಕಿಗಳ ಜೊತೆ ಮಾತು ಕಡಿಮೆಯಾಯಿತು. ಊರಿನವರು ಪುತ್ರಶೋಕ ಅಂದರು. ಅದು ಸುಳ್ಳೇನಲ್ಲ. ಆದರೆ ಅವನ ಎದೆಯಲ್ಲಿ ಇನ್ನೂ ಒಂದು ಎಳೆ ಆಸೆ ಕೂತಿತ್ತು: ಗೋಣಿ ಹೊದ್ದವರು ಲೋಕದಲ್ಲಿ ಎಷ್ಟು ಜನ ಇಲ್ಲ. ಒಂದು ವೇಳೆ ಅದು ಅವನೇ ಆಗಿದ್ದರೂ, ಪೆಕ್ ಅವನನ್ನು ಒಳಗೆ ತೆಗೆದುಕೊಂಡು, ವಿಚಾರಣೆ ಮಾಡಿಸಿ, ಆಚೆಯ ಇಗರ್ಜಿಯ ಮಣ್ಣಿನಲ್ಲಿ ಹೂಳಿಸಿರುತ್ತಾನೆ. ಕೇಳಿದರೆ ಗುರುತು ತೋರಿಸುತ್ತಾನೆ. ಕೇಳಬೇಕಾದರೆ ತಾನು ಮಾಡಿದ್ದನ್ನು ಹೇಳಬೇಕು. ಹೀಗೆ ಚಳಿಗಾಲವೆಲ್ಲ ಕಳೆಯಿತು. ಈಸ್ಟರಿಗೆ ಮುಂಚಿನ ವಾರ, ಕೆಸಾಯಾ ಮತ್ತೊಬ್ಬ ದೋಣಿಯವನ ಹತ್ತಿರ ಮಫ್ಲರಿನ ಗುರುತು ಹೇಳುತ್ತಿರುವುದು ಕಿವಿಗೆ ಬಿದ್ದಾಗ, ಅವನು ಏಪ್ರನ್ ಬಿಚ್ಚಿಟ್ಟು ದೋಣಿ ಹತ್ತಿದ.

ಪೆಕ್ ಹುಂಜದ ಅಂಗಳದಲ್ಲಿ ಪೀಪಾಯಿ ತೊಳೆಯುತ್ತಿದ್ದ. ಎಬ್ನರ್ ಮಂಜಿನ ದಿನದ ವಿಷಯ ತೆಗೆದ. ಪೆಕ್ ಮೊದಲು ನಗಲು ನೋಡಿದ, ಆಮೇಲೆ ಅವನ ಮುಖ ನೋಡಿ ಬಿಟ್ಟ.

“ಬಂದಿದ್ದ. ಮಗುಚಿ ನೋಡ್ದೆ. ಗಡ್ಡದ ಹುಡುಗ. ಕುತ್ತಿಗೇಲಿ ಮಫ್ಲರ್ ಇತ್ತು.”

“ಯಾವ ಬಣ್ಣ?”

“ನೀಲಿ. ಕೊನೇಲಿ ಕೆಂಪು.”

ಅವನನ್ನು ಹೂತ ಜಾಗ ಎಲ್ಲಿದೆ ತೋರಿಸು, ಎಂದು ಎಬ್ನರ್ ಕೇಳಿದ.

ಪೆಕ್ ಕೈಯಲ್ಲಿದ್ದ ಉಜ್ಜುವ ಬ್ರಷ್ಷನ್ನು ನೀರಿನಲ್ಲಿ ಅದ್ದಿದ, ತೆಗೆದ, ಮತ್ತೆ ಅದ್ದಿದ. ಗಡ್ಡ ಬಿಟ್ಟಿದ್ದರಿಂದ ಗುರುತು ಹತ್ತಲಿಲ್ಲ ಅಂದ. ನಿಮ್ಮ ಕಡೆಯಿಂದ ಬಂದದ್ದೆಂದು ಗೊತ್ತಿತ್ತು, ಅಂದ. “ನಾನೂ ಒಳಗೆ ತಗೊಳ್ಳಲಿಲ್ಲ ಸೆಚೆಲ್. ನಿನ್ನ ದಂಡೆಗೇ ಬಿಡೋಣ ಅಂತ ಹೊರಟೆ. ಅಷ್ಟರಲ್ಲಿ ಮಂಜು ಏಳ್ತಾ ಬಂತು. ಯಾರಾದ್ರೂ ನೋಡ್ತಾರೆ ಅಂತ ನಡುನೀರಲ್ಲೇ ಬಿಟ್ಟುಬಿಟ್ಟೆ. ಇಳಿತ ಜೋರಾಗಿತ್ತು.”

ಅಲ್ಲಿಂದ ಸಮುದ್ರ ದೂರವಿಲ್ಲ.

ಎಬ್ನರ್ ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದ. ಕೆಸಾಯಾ ತೊಟ್ಟಿಯ ಪಕ್ಕದ ಮಣೆಯ ಮೇಲೆ ಕೂತು ಕೇಳಿದಳು. ಆಮೇಲೆ ಕೇಳಿದಳು:

“ಜೀವ ಹೋಗಿತ್ತು ತಾನೆ?”

“ಮೈಯೆಲ್ಲ ಮರಗಟ್ಟಿತ್ತು.”

“ಕೊಕ್ಕೆ ಎಲ್ಲಿಗೆ ಹಾಕಿದ್ರಿ?”

“ಗೋಣಿಗೆ. ಮೈಗೆ ತಾಗಿಸಲಿಲ್ಲ.”

“ಮೆತ್ತಗೆ ಎಳೆದ್ರಾ?”

“ಮೆತ್ತಗೇ ಎಳೆದೆ, ಕೆಸಾಯಾ.”

ಅವಳು ಎದ್ದು ತೊಟ್ಟಿಯ ನೊರೆ ತೆಗೆಯಲು ಹೋದಳು. ಇದನ್ನು ನನಗೆ ಹೇಳುವಾಗ ಅವಳ ಧ್ವನಿ ಎಲ್ಲೂ ಮೇಲೇರಲಿಲ್ಲ. ಜಗ್ಗು ಕೆಳಗಿಟ್ಟು ಅವಳ ಪಕ್ಕ ಕೂತೆ.

ಆ ದಿನದಿಂದ ಲಂಗರಿನ ಮೆಟ್ಟಿಲಿಗೆ ಬಂದದ್ದು ಆಚೆ ದಂಡೆಗೆ ಹೋಗಲಿಲ್ಲ. ಅದು ಅವಳ ಕಟ್ಟಪ್ಪಣೆ. ಆಚೆಯವರು ತಂದು ಬಿಟ್ಟದ್ದನ್ನೂ ಅವಳು ಬೇಡವೆನ್ನಲಿಲ್ಲ. ವಸಂತದಲ್ಲಿ ಒಬ್ಬ ಅಲೆಮಾರಿ ಮುದುಕಿ, ಆಮೇಲೆ ಒಬ್ಬ ಕುಡುಕ ಕಮ್ಮಾರ. ಎಬ್ನರ್ ಹೊತ್ತು ತರುತ್ತಿದ್ದ, ಅವಳು ತೊಳೆಯುತ್ತಿದ್ದಳು. ಗಿರಾಕಿಗಳು ಕಡಿಮೆಯಾದರು. ಕೆಲವರು ಎದುರಿಗೇ, “ಸೆಚೆಲಮ್ಮಾ, ಬಿಯರ್ ಕೊಡ್ತೀಯೋ ಇಲ್ಲ ನಮ್ಮನ್ನೂ ಮೇಜಿನ ಮೇಲೆ ಮಲಗಿಸ್ತೀಯೋ?” ಅನ್ನುವರು. “ನಿಮ್ಮ ಸರದಿ ಬಂದಾಗ ನಿಮ್ಮನ್ನೂ ತೊಳೀತೀನಿ, ಗಾಬರಿ ಬೇಡ,” ಅನ್ನುವಳು ಅವಳು. ಅವರು ನಗುತ್ತಿರಲಿಲ್ಲ.

ಹುಲ್ಲು ಕೊಯ್ಯುವ ಕಾಲಕ್ಕೆ ಇನ್ನೊಬ್ಬ ಬಂದ. ಪ್ರಾಯದವನು, ಎತ್ತರದ ಆಳು. ಬಹಳ ದಿನ ನೀರಿನಲ್ಲಿದ್ದು ಮುಖ ಉಳಿದಿರಲಿಲ್ಲ. ಮೈಮೇಲೆ ಒಂದು ಅಂಗಿಯ ಚೂರು, ಕಾಲಿನಲ್ಲಿ ಒಂದೇ ಬೂಟು. ಎಬ್ನರ್ ಅವನನ್ನು ಮೇಜಿನ ಮೇಲೆ ಇಳಿಸಿ, ಹೊರಗೆ ಹೋಗದೆ ಅಲ್ಲೇ ನಿಂತ. ಕೆಸಾಯಾ ನೀರು ಬಿಸಿ ಮಾಡಿ ತಂದಾಗ ಅವನು ಮೆಲ್ಲನೆ, ಎತ್ತರ ಸರಿಹೋಗುತ್ತದೆ, ಕೂದಲೂ ಹಾಗೇ ಇದೆ, ಅಂದ. ವಿಚಾರಣೆಯಲ್ಲಿ ಇವನು ನಮ್ಮ ಜೇಬೆಜ್ ಎಂದು ನಾನು ಹೇಳಿಬಿಡುತ್ತೇನೆ, ಯಾರೂ ಅಲ್ಲವೆನ್ನುವುದಿಲ್ಲ, ಅಂದ. “ನಿನ್ನ ಅಮ್ಮನ ಪಕ್ಕ ಮಲಗಿಸಬಹುದು. ಕಲ್ಲು ನೆಡಿಸಬಹುದು. ಭಾನುವಾರ ಹೋಗಿ ನಿಲ್ಲೋಕೆ ನಿನಗೊಂದು ಜಾಗ ಆಗುತ್ತೆ. ನನ್ನ ಕೈಲಿ ಇಷ್ಟೇ ಆಗೋದು, ಕೆಸಾಯಾ. ಬೇಡ ಅನ್ನಬೇಡ.”

ಅವಳು ಬಟ್ಟೆಯನ್ನು ನೀರಿಗೆ ಅದ್ದಿದಳು. ತೊಳೆಯಲು ಶುರು ಮಾಡಿದಳು. ಬೇರೆ ದಿನಗಳಿಗಿಂತ ಅಂದು ಹೆಚ್ಚು ಹೊತ್ತು ಹಿಡಿಯಿತಂತೆ. ಉಗುರುಗಳನ್ನು ಒಂದೊಂದಾಗಿ ತೊಳೆದಳಂತೆ. ಒಂದು ಗಳಿಗೆ, ಕಣ್ಣು ಮುಚ್ಚಿ ಆ ಕೈ ಹಿಡಿದಾಗ, ಇವನೇ ಆಗಿದ್ದರೆ ಏನಾಗುತ್ತಿತ್ತು ಎನಿಸಿತು ಎಂದು ಅವಳೇ ನನಗೆ ಹೇಳಿದಳು. ಅಷ್ಟು ದಿನ ದೇವರನ್ನು ಕೇಳಿಕೊಂಡದ್ದು ಅವಳ ಕೈಯಳತೆಯಲ್ಲೇ ಇತ್ತು.

ಮಧ್ಯಾಹ್ನ ಅಧಿಕಾರಿ ಬಂದ. ಹುಲ್ಲುಗಾವಲಿನಿಂದ ಹಿಡಿದು ತಂದ ಹನ್ನೆರಡು ಜನ ಬೆವರು ಒರೆಸಿಕೊಳ್ಳುತ್ತ ಹೆಣ ನೋಡಿ ಬಂದು, ಬೇಗ ಮುಗಿದರೆ ಸಾಕೆಂದು ಮುಂದಿನ ಕೋಣೆಯಲ್ಲಿ ಕೂತರು. ನನ್ನ ಗಂಡನೂ ಅವರಲ್ಲೊಬ್ಬ. ಈ ಮನುಷ್ಯನ ಗುರುತು ಯಾರಿಗಾದರೂ ಇದೆಯೇ ಎಂದು ಅಧಿಕಾರಿ ಕೇಳಿದ. ಎಬ್ನರ್ ಎದ್ದು ನಿಂತು, ಟೋಪಿಯನ್ನು ಎದೆಗೆ ಹಿಡಿದ.

“ಇದೆ ಸ್ವಾಮಿ. ಇವನು ನನ್ನ ಮಗ,” ಅಂದ.

ಕೋಣೆಯಲ್ಲಿ ಎಲ್ಲರೂ ತಲೆ ತಗ್ಗಿಸಿದರು. ಇವನು ಜೇಬೆಜ್ ಅಲ್ಲವೆಂದು ಹೇಳಬಲ್ಲವರು ಅಲ್ಲಿ ಇರಲಿಲ್ಲ, ಇದ್ದರೂ ಹೇಳುತ್ತಿರಲಿಲ್ಲ. ಅಧಿಕಾರಿ ಬರೆದುಕೊಳ್ಳಲು ಲೇಖನಿ ಅದ್ದಿದ. ಆಗ ಬಾಗಿಲಲ್ಲಿ ನಿಂತಿದ್ದ ಕೆಸಾಯಾ ಮಾತಾಡಿದಳು.

“ಬರ್ಕೋಬೇಡಿ ಸ್ವಾಮಿ. ನಮ್ಮ ಯಜಮಾನ್ರು ದುಃಖದಲ್ಲಿದಾರೆ. ಅವನು ನಮ್ಮವನಲ್ಲ.”

ಖಚಿತವಾಗಿ ಹೇಳಬಲ್ಲಿರಾ ಎಂದು ಅಧಿಕಾರಿ ಕೇಳಿದ.

“ನಾನೇ ತೊಳೆದಿದೀನಿ. ಹೆತ್ತ ಕೈಗೆ ಗೊತ್ತಾಗಲ್ವೇ?”

ಅಧಿಕಾರಿ ಎಬ್ನರನ ಕಡೆ ನೋಡಿದ. ಎಬ್ನರ್ ಕೂತುಬಿಟ್ಟ. ಗುರುತು ಸಿಗದ ಪುರುಷ, ನೀರಿನಲ್ಲಿ ಮೃತನಾಗಿ ದೊರೆತವನು ಎಂದು ಬರೆದಾಯಿತು. ಹನ್ನೆರಡು ಜನ ಹುಲ್ಲಿಗೆ ಹಿಂತಿರುಗಿದರು.

ಎಲ್ಲರೂ ಹೋದ ಮೇಲೆ ಎಬ್ನರ್ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ನಿನಗೋಸ್ಕರ ತಾನೆ ಹೇಳಿದ್ದು, ಎಂದು ಮತ್ತೆ ಮತ್ತೆ ಅಂದನಂತೆ. ಕೆಸಾಯಾ ಅವನ ಪಕ್ಕ ಕೂತಳು. ಈಸ್ಟರಿನಿಂದ ಈಚೆಗೆ ಅವನ ಪಕ್ಕ ಕೂತದ್ದು ಅದೇ ಮೊದಲು.

“ಇವನ ತಾಯಿನೂ ಎಲ್ಲೋ ಕೇಳ್ಕೊಂಡು ಅಲೀತಿರ್ತಾಳೆ ಕಣ್ರೀ. ಒಂದು ದಿನ ಇಲ್ಲಿಗೂ ಬಂದಾಳು. ಕಲ್ಲಿನ ಮೇಲೆ ನಮ್ಮವನ ಹೆಸರು ನೋಡಿದ್ರೆ, ಇದು ನನ್ನವನದಲ್ಲ ಅಂತ ಮುಂದಕ್ಕೆ ಹೋಗಿಬಿಡ್ತಾಳೆ. ಆಗ ನಾವು ಇವನನ್ನೂ ಆಚೆ ದಂಡೆಗೆ ಬಿಟ್ಟ ಹಾಗಾಗಲ್ವಾ?”

ಅವನನ್ನು ಇಗರ್ಜಿಯ ಉತ್ತರದ ಮೂಲೆಯಲ್ಲಿ ಹೂಳಿದರು. ಮಳೆ ಬರುತ್ತಿತ್ತು. ಪೆಟ್ಟಿಗೆಯ ಹಿಂದೆ ನಡೆದವರು ಸೆಚೆಲ್ ದಂಪತಿ ಮತ್ತು ನಾನು. ಕೆಸಾಯಾ ಕಲ್ಲು ಹಾಕಿಸಲಿಲ್ಲ. ಒಂದು ಬಿಳಿ ಹಲಗೆ ನೆಡಿಸಿ, ಸಿಕ್ಕಿದ ತಿಂಗಳು, ಆಳಿನ ಎತ್ತರ, ಕೂದಲ ಬಣ್ಣ ಬರೆಸಿದಳು. ಮುಂದೆ ದೋಣಿಯವರ ಹತ್ತಿರ ಅವಳು ಎರಡು ಗುರುತು ಹೇಳತೊಡಗಿದಳು. ಒಂದು ನೀಲಿ ಮಫ್ಲರಿನದು. ಇನ್ನೊಂದು ಆ ಒಂಟಿ ಬೂಟಿನದು, ಹಿಮ್ಮಡಿಗೆ ಅರ್ಧಚಂದ್ರದ ಲಾಳ ಹೊಡೆದದ್ದು.

ಅವಳು ಬದುಕಿರುವವರೆಗೆ ಎರಡರಲ್ಲಿ ಯಾವ ಗುರುತಿನ ಸುದ್ದಿಯನ್ನೂ ಹಿಡಿದು ಯಾರೂ ಬರಲಿಲ್ಲ.